ಹೆದರುವ ನಾಯಿಯನ್ನು ಪಟಾಕಿಯ ಮುಂದೆ ಕಟ್ಟಬೇಡಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ತಮ್ಮ ಪತ್ರಿಕೆಯ ಓದುಗರ ವಿಭಾಗದಲ್ಲಿ ಪ್ರಕಟವಾದ ಪತ್ರವೊಂದರಲ್ಲಿ, ಪಟಾಕಿ ಸದ್ದಿಗೆ ಹೆದರಿ ಓಡುವ ಸಾಕುನಾಯಿಯನ್ನು ಹಬ್ಬಕ್ಕೆ ಮುಂಚೆಯೇ ಅಂಗಳದ ಕಂಬಕ್ಕೆ ಕಟ್ಟಿ, ಅದರ ಎದುರಿಗೇ ನಾಲ್ಕಾರು ದಿನ ಪಟಾಕಿ ಹೊಡೆದರೆ ಹೆದರಿಕೆ ತಾನಾಗಿ ಬಿಟ್ಟುಹೋಗುತ್ತದೆ ಎಂಬ ಸಲಹೆ ಇತ್ತು. ಬರೆದವರ ಉದ್ದೇಶ ಒಳ್ಳೆಯದೇ ಇರಬಹುದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈ ಮಾತು ಹೊಸತೂ ಅಲ್ಲ. ನಾಯಿ ಸಾಕುವುದು ಕಾವಲಿಗೆ, ಕಾಯುವ ನಾಯಿ ಹೆದರಬಾರದು, ಹೆದರಿದರೆ ಗಟ್ಟಿ ಮಾಡಬೇಕು ಎಂಬ ಲೆಕ್ಕಾಚಾರ ಬಹಳ ಮನೆಗಳಲ್ಲಿದೆ. ಆದರೆ ಈ ಕ್ರಮ ಈಜು ಬಾರದ ಮಗುವನ್ನು ಮಳೆಗಾಲದ ತುಂಗೆಗೆ ನೂಕಿದಂತೆ. ಇದರಿಂದ ಹೆದರಿಕೆ ಬಿಟ್ಟುಹೋಗುವುದಕ್ಕಿಂತ ಬಲಿಯುವ ಸಾಧ್ಯತೆಯೇ ಹೆಚ್ಚು ಎಂಬುದನ್ನು, ಹಬ್ಬಕ್ಕೆ ಇನ್ನೂ ಸಮಯ ಇರುವಾಗಲೇ ಓದುಗರ ಗಮನಕ್ಕೆ ತರಬಯಸುತ್ತೇನೆ.

ಮಲೆನಾಡಿನ ನಾಯಿಗೆ ಪಟಾಕಿ ದೀಪಾವಳಿಯ ಮೂರು ದಿನದ ಮಾತಲ್ಲ. ಅಡಿಕೆ, ಬಾಳೆಗೆ ಬರುವ ಮಂಗಗಳನ್ನೂ ಗದ್ದೆಗೆ ಇಳಿಯುವ ಕಾಡುಹಂದಿಗಳನ್ನೂ ಓಡಿಸಲು ಗರ್ನಾಲು ಎಂಬ ಭಾರೀ ಸದ್ದಿನ ಪಟಾಕಿ ಹಚ್ಚುತ್ತೇವೆ, ಪೈಪಿಗೆ ಕಾರ್ಬೈಡ್ ತುಂಬಿ ಈಡು ಹೊಡೆಯುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯಾದರೆ ಗುಡುಗು, ಸಿಡಿಲು. ಸದ್ದಿನ ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಹರ್ಟ್ಜ್ ಲೆಕ್ಕದಲ್ಲಿ, ಮನುಷ್ಯನ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಜ್‌ವರೆಗಿನ ಶಬ್ದ ಕೇಳಿದರೆ ನಾಯಿಗೆ 40,000 ಹರ್ಟ್ಜ್ ದಾಟಿದ್ದೂ ಕೇಳುತ್ತದೆ, ನಮಗೆ ಕೇಳದಷ್ಟು ಕ್ಷೀಣವಾದ ದೂರದ ಸದ್ದೂ ಅದಕ್ಕೆ ತಲುಪುತ್ತದೆ. ಗುಡ್ಡದಾಚೆಯ ತೋಟದಲ್ಲಿ ಹೊಡೆದ ಈಡು ನಮಗೆ ಗೊತ್ತೇ ಆಗದಿರುವಾಗ ಅಂಗಳದ ನಾಯಿ ಎದ್ದು ನಿಲ್ಲುವುದು ಇದೇ ಕಾರಣಕ್ಕೆ.

ನಮ್ಮ ಪಕ್ಕದ ಮನೆಯ ಕಂದು ನಾಯಿಯನ್ನೇ ನೋಡಿ. ಅದು ಹೆದರುವುದಕ್ಕೆ ಈಗ ಸದ್ದೇ ಬೇಕಾಗಿಲ್ಲ. ಯಜಮಾನರು ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿಟ್ಟ ಪೈಪಿನ ಕಡೆ ಕೈ ಚಾಚಿದರೆ ಸಾಕು, ತುಟಿ ನೆಕ್ಕಿಕೊಳ್ಳುತ್ತದೆ, ಒಂದೆರಡು ಸಲ ಆಕಳಿಸುತ್ತದೆ, ಕಿವಿ ಹಿಂದಕ್ಕೆ ಒತ್ತಿಕೊಂಡು ಮುಖ ಬೇರೆ ಕಡೆ ತಿರುಗಿಸುತ್ತದೆ. ಬಟ್ಟಲಿನ ಅನ್ನ ಅಲ್ಲೇ ಬಿಟ್ಟು ಬಚ್ಚಲೊಲೆಯ ಹಿಂದಿನ ಸಂದಿಗೆ ಸೇರಿಕೊಂಡುಬಿಡುತ್ತದೆ. ಆಕಳಿಕೆಯನ್ನು ನಾವು ಸೋಮಾರಿತನ ಎಂದುಕೊಳ್ಳುತ್ತೇವೆ. ನಿದ್ದೆಯ ಹೊತ್ತಲ್ಲದ ಹೊತ್ತಿನಲ್ಲಿ ಪದೇ ಪದೇ ಬರುವ ಆಕಳಿಕೆ, ಬಿಸಿಲಿಲ್ಲದಿದ್ದರೂ ಏದುಸಿರು, ಕಾಲಸಂದಿಗೆ ಸೇರಿದ ಬಾಲ, ಇಷ್ಟದ ತಿಂಡಿಯನ್ನೂ ಮೂಸದಿರುವುದು, ಇವೆಲ್ಲ ಭಯದ ಗುರುತುಗಳು. ನಾಯಿ ನಡುಗಿ ಓಡುವ ಹಂತಕ್ಕೆ ಬರುವ ಮೊದಲೇ ಇವು ಕಾಣುತ್ತವೆ, ನಾವು ನೋಡುವುದಿಲ್ಲ ಅಷ್ಟೆ.

ಪೈಪು ಕಂಡರೆ ಸದ್ದು ಬರುತ್ತದೆ ಎಂದು ನಾಯಿ ಕಲಿತದ್ದು ಹೇಗೋ, ಸದ್ದು ಬಂದರೆ ಒಳ್ಳೆಯದೇನೋ ಬರುತ್ತದೆ ಎಂದೂ ಅದು ಹಾಗೆಯೇ ಕಲಿಯಬಲ್ಲದು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಡೆದ ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ನಾಯಿಗಳ ಜೊಲ್ಲನ್ನು ಅಳೆಯುತ್ತಾ ಈ ಕಲಿಕೆಯ ನಿಯಮವನ್ನು ತೋರಿಸಿಕೊಟ್ಟರು. 1924ರಲ್ಲಿ ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್, ಮೊಲವನ್ನು ಕಂಡರೆ ಹೆದರುತ್ತಿದ್ದ ಪುಟ್ಟ ಮಗುವಿಗೆ ಇಷ್ಟದ ತಿನಿಸು ಕೊಡುತ್ತಾ, ಮೊಲವನ್ನು ದೂರದಿಂದ ಸ್ವಲ್ಪಸ್ವಲ್ಪವೇ ಹತ್ತಿರ ತಂದು ಆ ಭಯವನ್ನು ಕಳೆದರು. ಇಂದು ಪಶುವೈದ್ಯರು ಹೆದರುವ ನಾಯಿಗಳಿಗೆ ಹೇಳುವ ಅಭ್ಯಾಸವೂ ಮೂಲದಲ್ಲಿ ಇದೇ. ಪಟಾಕಿಯ ಸದ್ದನ್ನು ಮೊಬೈಲಿನಲ್ಲಿ ಅತಿ ಸಣ್ಣಗೆ, ನಾಯಿ ಕಿವಿ ಅಲ್ಲಾಡಿಸಿ ಸುಮ್ಮನಾಗುವಷ್ಟು ಸಣ್ಣಗೆ ಇಟ್ಟು, ಸದ್ದು ಬಂದ ಕೂಡಲೇ ಬೇಯಿಸಿದ ಮೊಟ್ಟೆಯ ಚೂರನ್ನೋ ಕೋಳಿಯ ಚೂರನ್ನೋ ಕೊಡಬೇಕು. ಕ್ರಮ ತಪ್ಪಬಾರದು: ಮೊದಲು ಸದ್ದು, ಆಮೇಲೆ ತಿನಿಸು. ತಿನಿಸು ಮೊದಲು ಕೊಟ್ಟು ಆಮೇಲೆ ಸದ್ದು ಮಾಡಿದರೆ, ಮೊಟ್ಟೆ ಕಂಡರೇ ಗುಂಡು ಹಾರುತ್ತದೆ ಎಂದು ನಾಯಿ ತಿಳಿದು ತಿನಿಸಿಗೂ ಹೆದರತೊಡಗಬಹುದು. ಸದ್ದನ್ನು ದಿನಕ್ಕೆ ಕೆಲವೇ ನಿಮಿಷ ಕೇಳಿಸುತ್ತಾ ವಾರಗಟ್ಟಲೆ ನಿಧಾನವಾಗಿ ಏರಿಸಬೇಕು. ನಾಯಿ ತಿನ್ನುವುದನ್ನು ನಿಲ್ಲಿಸಿದರೆ ನಾವು ಅವಸರ ಮಾಡಿದ್ದೇವೆ ಎಂದರ್ಥ, ಹಿಂದಿನ ಮಟ್ಟಕ್ಕೆ ಇಳಿಯಬೇಕು. ಇದಕ್ಕೂ ಮಿತಿಯಿದೆ. ಗುಡುಗಿನ ಜೊತೆ ಬರುವ ಮಿಂಚು, ಗಾಳಿ ಮೊಬೈಲಿನಲ್ಲಿ ಬರುವುದಿಲ್ಲವಾದ್ದರಿಂದ ಸಿಡಿಲಿನ ಭಯಕ್ಕೆ ಈ ಅಭ್ಯಾಸ ಪಟಾಕಿಯಷ್ಟು ಚೆನ್ನಾಗಿ ಒದಗದಿರಬಹುದು.

ಕಟ್ಟಿಹಾಕಿ ಪಟಾಕಿ ಹೊಡೆದ ನಾಯಿ ಕೆಲವು ದಿನಗಳಲ್ಲಿ ಸುಮ್ಮನಾದದ್ದನ್ನು ತಾವೇ ಕಂಡಿದ್ದೇವೆ ಎನ್ನುವವರು ಇದ್ದಾರೆ. ಸುಮ್ಮನಾಗುವುದು ನಿಜ. ಆದರೆ 1967ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಪ್ರಕಟಿಸಿದ, ಇಂದು ಓದಿದರೆ ಹೊಟ್ಟೆ ತೊಳಸುವಂಥ ಪ್ರಯೋಗದಲ್ಲಿ, ತಪ್ಪಿಸಿಕೊಳ್ಳಲಾಗದಂತೆ ಕಟ್ಟಿ ವಿದ್ಯುತ್ ಆಘಾತ ಕೊಟ್ಟ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ತಗ್ಗಾದ ಅಡ್ಡಗೋಡೆ ಹಾರಿದರೆ ಪಾರಾಗಬಹುದಾದ ಜಾಗದಲ್ಲೂ ಹಾರಲಿಲ್ಲ, ಬಿದ್ದುಕೊಂಡು ಆಘಾತ ಸಹಿಸಿದವು. ಅವು ಧೈರ್ಯ ಕಲಿತಿರಲಿಲ್ಲ, ತಾವೇನು ಮಾಡಿದರೂ ಪ್ರಯೋಜನವಿಲ್ಲ ಎಂಬುದನ್ನು ಕಲಿತಿದ್ದವು. ಕಂಬಕ್ಕೆ ಕಟ್ಟಿದ ನಾಯಿಯ ಮೌನವನ್ನು ವಾಸಿಯಾದ ಲಕ್ಷಣವೆಂದು ತಿಳಿಯುವ ಮುನ್ನ ಇದನ್ನು ನೆನೆಯಬೇಕು. ಗುರ್ ಎಂದದ್ದಕ್ಕೆ ಹೊಡೆಯುವುದೂ ಅಷ್ಟೇ ಅಪಾಯದ್ದು. ಗುರುಗುಟ್ಟುವುದು ಎಂದರೆ ಹತ್ತಿರ ಬರಬೇಡ ಎಂಬ ಎಚ್ಚರಿಕೆ; ಹೊಡೆದು ಆ ಎಚ್ಚರಿಕೆಯನ್ನು ಬಿಡಿಸಿದರೆ ಭಯ ಒಳಗೇ ಉಳಿದು, ನಾಯಿ ಸೂಚನೆಯನ್ನೇ ಕೊಡದೆ ಕಚ್ಚಬಹುದು. ಕಚ್ಚಿಸಿಕೊಳ್ಳುವವರು ಬಹಳ ಸಲ ಮನೆಯ ಮಕ್ಕಳೇ.

ಹೆದರಿದ ನಾಯಿಯನ್ನು ಮುದ್ದು ಮಾಡಿದರೆ ಹೆದರಿಕೆ ಹೆಚ್ಚುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ. ಭಯ ನಾಯಿ ಬೇಕೆಂದು ಮಾಡುವ ಕೆಲಸವಲ್ಲವಾದ್ದರಿಂದ ಬಹುಮಾನ ಕೊಟ್ಟು ಅದನ್ನು ಬೆಳೆಸಲು ಬರುವುದಿಲ್ಲ. ಅದಾಗಿ ಹತ್ತಿರ ಬಂದರೆ ಮೈದಡವಬಹುದು, ಸಂದಿಯಲ್ಲಿ ಅಡಗಿದ್ದರೆ ಎಳೆಯದೆ ಅಲ್ಲೇ ಬಿಡಬಹುದು. ಇದ್ದಕ್ಕಿದ್ದಂತೆ ಹೆದರತೊಡಗಿದ ವಯಸ್ಸಾದ ನಾಯಿಗೆ ಕೀಲುನೋವೋ ಕಿವಿಯ ಸೋಂಕೋ ಇರಬಹುದು, ಮೊದಲು ಪಶು ಆಸ್ಪತ್ರೆಯಲ್ಲಿ ತೋರಿಸಬೇಕು. ಭಯ ತೀವ್ರವಾಗಿದ್ದರೆ ವೈದ್ಯರು ಕೊಡುವ ಔಷಧಿಗಳೂ ಇವೆ. ಮನೆಯಲ್ಲಿರುವ ಮನುಷ್ಯರ ನಿದ್ದೆ ಮಾತ್ರೆಯನ್ನು ಅಂದಾಜಿನಲ್ಲಿ ಅರ್ಧ ಮಾಡಿ ಹಾಕುವ ಚಾಳಿ ಮಾತ್ರ ಬೇಡವೇ ಬೇಡ.

ಇನ್ನು ಸರಪಳಿ. ರಾತ್ರಿ ಚಿರತೆ ನಾಯಿಯನ್ನು ಹೊತ್ತೊಯ್ಯುವ ಊರುಗಳಲ್ಲಿ ನಾಯಿಯನ್ನು ಬಿಟ್ಟುಬಿಡಿ ಎಂದು ಪೇಟೆಯವರು ಹೇಳಿದರೆ ನಮಗೆ ನಗು ಬರುತ್ತದೆ. ರಾತ್ರಿ ಒಳಗೆ ಹಾಕಿಕೊಳ್ಳುವುದೇ ಸರಿ. ಹಗಲಿಡೀ ಎರಡು ಮೊಳದ ಸರಪಳಿಯಲ್ಲಿ ಕಟ್ಟುವುದು ಬೇರೆ ವಿಷಯ. ಹೆದರಿದ ಪ್ರಾಣಿಗಿರುವ ಮೊದಲ ಉಪಾಯ ದೂರ ಹೋಗುವುದು, ಅದನ್ನು ಸರಪಳಿ ಕಿತ್ತುಕೊಂಡರೆ ಬಹಳ ಸಲ ಉಳಿಯುವುದು ಕಚ್ಚುವುದೊಂದೇ. ಅಸಮಂಜಸವಾಗಿ ಚಿಕ್ಕದಾದ ಅಥವಾ ಭಾರವಾದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟುವುದನ್ನು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಂ ಕ್ರೌರ್ಯವೆಂದೇ ಹೇಳಿದೆ. ಮರಿಗಳ ವಿಷಯವೂ ಇದೆ. ಮೂರರಿಂದ ಹನ್ನೆರಡು, ಹದಿನಾಲ್ಕು ವಾರದವರೆಗಿನ ವಯಸ್ಸಿನಲ್ಲಿ ಹಿತವಾಗಿ ಪರಿಚಯವಾದ ಜನ, ಸದ್ದು, ವಾಹನಗಳನ್ನು ನಾಯಿ ಮುಂದೆ ಅಷ್ಟಾಗಿ ಹೆದರದೆ ಒಪ್ಪಿಕೊಳ್ಳುತ್ತದೆ. ಕಣ್ಣು ಬಿಟ್ಟ ಕೂಡಲೇ ತಾಯಿಯಿಂದ ಕಿತ್ತು ಗೋಣಿಚೀಲದಲ್ಲಿ ತಂದು ಕೊಟ್ಟಿಗೆಯ ಮೂಲೆಗೆ ಕಟ್ಟಿದ ಮರಿಗೆ ಆ ಅವಕಾಶವೇ ಸಿಗುವುದಿಲ್ಲ. ಎಂಟು ವಾರ ತಾಯಿಯ ಜೊತೆ ಬಿಟ್ಟರೆ ಕೊಡುವವರಿಗೂ ಒಯ್ಯುವವರಿಗೂ ನಷ್ಟವಿಲ್ಲ.

ಶಿವಮೊಗ್ಗದಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯ ಇದೆ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸು ಪಶುಪಾಲನಾ ಇಲಾಖೆಯ ಉಚಿತ ಲಸಿಕೆ ಶಿಬಿರಗಳೂ ನಡೆಯುತ್ತವೆ, ಅಲ್ಲಿಂದ ದೀಪಾವಳಿಗೆ ಅಭ್ಯಾಸ ಆರಂಭಿಸುವಷ್ಟು ಕಾಲಾವಕಾಶ ಉಳಿದಿರುತ್ತದೆ. ಶಿಬಿರಕ್ಕೆ ಬರುವ ನಾಯಿ ಮಾಲೀಕರ ಕೈಗೆ ಹೆದರುವ ನಾಯಿಯ ಆರೈಕೆ ಕುರಿತ ಒಂದು ಪುಟದ ಕನ್ನಡ ಕರಪತ್ರ ಕೊಟ್ಟು, ವಿದ್ಯಾರ್ಥಿಯೊಬ್ಬರು ಐದು ನಿಮಿಷ ವಿವರಿಸುವ ವ್ಯವಸ್ಥೆಯಾದರೆ ಹೆಚ್ಚಿನ ಖರ್ಚೇನೂ ಇಲ್ಲ. ಶಿಬಿರದ ಏರ್ಪಾಡಿನಲ್ಲೂ ಸ್ವಲ್ಪ ಬದಲಾವಣೆ ಬೇಕು. ನಾನು ಕಂಡ ಶಿಬಿರವೊಂದರಲ್ಲಿ ಪಂಚಾಯಿತಿ ಕಟ್ಟಡದ ಜಗುಲಿಯ ಮೇಲೆ ಹತ್ತಾರು ನಾಯಿಗಳನ್ನು ಒಟ್ಟಿಗೆ ನಿಲ್ಲಿಸಿ, ಬಾರದವನ್ನು ಕುತ್ತಿಗೆಯ ಹಗ್ಗ ಹಿಡಿದು ಎಳೆದು ಸೂಜಿ ಹಾಕಲಾಗುತ್ತಿತ್ತು. ಮುಂದಿನ ವರ್ಷ ಆ ನಾಯಿಗಳನ್ನು ಮತ್ತೆ ಅಲ್ಲಿಗೆ ಕರೆತರುವುದು ಎಷ್ಟು ಕಷ್ಟ ಎಂಬುದನ್ನು ಅವುಗಳ ಮಾಲೀಕರೇ ಹೇಳಬೇಕು. ಹೆದರುವ ನಾಯಿಗಳಿಗೆ ಬೇರೆ ಹೊತ್ತು ಗೊತ್ತುಮಾಡಿ, ಹೊರಗೆ ಮರದಡಿಯಲ್ಲಿ ಕಾಯಲು ಬಿಟ್ಟು, ಎದುರಿನಿಂದ ಬಾಗದೆ ಪಕ್ಕದಿಂದ ಹೋಗಿ, ಮನೆಯವರು ತಿನಿಸು ಕೊಡುತ್ತಿರುವಾಗಲೇ ಲಸಿಕೆ ಹಾಕಿದರೆ ಲಸಿಕೆ ಹಾಕುವವರ ಕೈಗೂ ಕ್ಷೇಮ. ಮಂಗ ಓಡಿಸಲು ಗರ್ನಾಲು ಹಚ್ಚುವ ನಾವು ಬೆಳೆಗಾರರು, ಇಂಥ ಹೊತ್ತಿಗೆ ಹಚ್ಚುತ್ತೇವೆ ಎಂದು ಪಕ್ಕದ ಮನೆಗಳಿಗೆ ಒಂದು ಫೋನ್ ಮಾಡುವ ರೂಢಿ ಇಟ್ಟುಕೊಂಡರೆ, ಅವರು ನಾಯಿಯನ್ನು ಅಷ್ಟರೊಳಗೆ ಒಳಗೆ ಸೇರಿಸಿಕೊಳ್ಳಬಹುದು. ಇಲಾಖೆ ಮತ್ತು ಮಹಾವಿದ್ಯಾಲಯ ಈ ಸಲದ ಶಿಬಿರಗಳ ದಿನಾಂಕ ಪ್ರಕಟಿಸುವಾಗಲೇ ಕರಪತ್ರದ ವಿಷಯವನ್ನೂ ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಒಬ್ಬ ಅಡಿಕೆ ಬೆಳೆಗಾರ,
ತೀರ್ಥಹಳ್ಳಿ ತಾಲ್ಲೂಕು