ಚಿಪ್ ಹೋಗಿದೆ ಎಂದು ಸ್ಪೀಕರ್ ಮಾರಿದ್ದರ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಕಂಪ್ಯೂಟರ್ ಮಾರಾಟ ಮತ್ತು ಸರ್ವಿಸ್ ಕೇಂದ್ರ,
ಹಾಸನ.

ವಿಷಯ: ರಿಪೇರಿಗೆ ಕೊಟ್ಟ ಕಂಪ್ಯೂಟರಿನಲ್ಲಿ ವಿಡಿಯೋ, ಆಡಿಯೋ ಮೊದಲಿಗಿಂತ ಕೆಟ್ಟಿರುವುದು; ಬೇಡದ ಸಾಮಾನು ಮಾರಿರುವುದು.

ಮಾನ್ಯರೇ,

ನಾನು ಹಾಸನದಲ್ಲಿ ಮನೆಯಲ್ಲೇ ಭರತನಾಟ್ಯ ಕ್ಲಾಸ್ ನಡೆಸುತ್ತೇನೆ. ಮಕ್ಕಳು ಕುಣಿಯುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಕಂಪ್ಯೂಟರಿಗೆ ಹಾಕಿ, ಅವರಿಗೇ ತೋರಿಸುತ್ತೇನೆ. ಅರೆಮಂಡಿ (ಮಂಡಿ ಬಗ್ಗಿಸಿ ಅರ್ಧ ಕೂತ ನಿಲುವು) ಎಲ್ಲಿ ಎದ್ದಿತು, ಮೊಣಕೈ ಎಲ್ಲಿ ಇಳಿಯಿತು ಅಂತ ನಾನು ಹೇಳುವುದಕ್ಕಿಂತ ಅವರೇ ನೋಡಿದರೆ ಬೇಗ ತಿದ್ದಿಕೊಳ್ಳುತ್ತಾರೆ. ಹಾಗಾಗಿ ಕಂಪ್ಯೂಟರ್ ನನಗೆ ಶೋಕಿಯಲ್ಲ, ತಾಳ ತಟ್ಟುವ ಮರದ ತಟ್ಟುಮಣೆಯಷ್ಟೇ ಬೇಕಾದ ವಸ್ತು.

ವಿಡಿಯೋ ನಡುನಡುವೆ ನಿಂತು, ಸ್ಪೀಕರಿನಲ್ಲಿ ಕರಕರ ಸದ್ದು ಶುರುವಾದಾಗ ಸಿಪಿಯು ತಂದು ನಿಮ್ಮಲ್ಲಿ ಕೊಟ್ಟೆ. ಹಾಸನಾಂಬೆಯ ದರ್ಶನದ ಸಮಯ. ಊರೆಲ್ಲಾ ಜನ, ನಿಮ್ಮ ಅಂಗಡಿಯಲ್ಲೂ ಜನ. ತಡವಾಗಿದ್ದಕ್ಕೆ ನನ್ನ ತಕರಾರಿಲ್ಲ. ವಾಪಸ್ ಕೊಡುವಾಗ ನಿಮ್ಮ ಹುಡುಗ ಹೇಳಿದ್ದಕ್ಕೆ ತಕರಾರಿದೆ. "ಮೇಡಂ, ಮದರ್‌ಬೋರ್ಡಲ್ಲಿ ಸೌಂಡ್ ಚಿಪ್ ಹೋಗಿದೆ. ಹಳೇ ಸ್ಪೀಕರ್ ಇನ್ನು ನಡೆಯಲ್ಲ. ವಿಂಡೋಸ್ ಹೊಸದಾಗಿ ಹಾಕಿದ್ದೀವಿ, ಒಂದು ಬ್ಲೂಟೂತ್ ಸ್ಪೀಕರ್ ತಗೊಂಡ್ಬಿಡಿ" ಎಂದರು. ಸ್ಪೀಕರ್ ಕೊಟ್ಟರು, ಕಂಪ್ಯೂಟರಿಗೆ ಬ್ಲೂಟೂತ್ ಬರಲು ಚುಚ್ಚುವ ಒಂದು ಯುಎಸ್‌ಬಿ ಡಾಂಗಲ್ ಕೊಟ್ಟರು. ಬಿಲ್ಲಿನಲ್ಲಿ ಆ ಎರಡರ ಹೆಸರು ಬಿಟ್ಟರೆ 'ಸರ್ವಿಸ್' ಎಂಬ ಒಂದೇ ಪದ, ಅದರ ಮುಂದೆ ಒಂದು ಮೊತ್ತ. ಏನು ಸರ್ವಿಸ್ ಅಂತ ಎಲ್ಲೂ ಇಲ್ಲ.

ಮನೆಗೆ ತಂದು ಹಾಕಿದರೆ ಸ್ಕ್ರೀನಿನ ಅಕ್ಷರಗಳೆಲ್ಲ ದಪ್ಪ ದಪ್ಪ. ವಿಡಿಯೋ ಮೊದಲಿಗಿಂತ ಜಾಸ್ತಿ ತಡವರಿಸುತ್ತಿತ್ತು. ನನ್ನ ಶಿಷ್ಯೆಯೊಬ್ಬಳ ಅಣ್ಣ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ಬಂದು ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆದ. ಡಿಸ್‌ಪ್ಲೇ ಅಡಾಪ್ಟರ್ ಕೆಳಗೆ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅಂತಿತ್ತು. ಅಂದರೆ ಗ್ರಾಫಿಕ್ಸ್ ಚಿಪ್ ನಡೆಸಲು ವಿಂಡೋಸಿಗೆ ಬೇಕಾದ ಸಾಫ್ಟ್‌ವೇರ್, ಗ್ರಾಫಿಕ್ಸ್ ಡ್ರೈವರನ್ನೇ ನೀವು ಹಾಕಿಲ್ಲ. ಡ್ರೈವರ್ ಇಲ್ಲದಿದ್ದರೆ ಗ್ರಾಫಿಕ್ಸ್ ಚಿಪ್ ಮಾಡಬೇಕಾದ ಕೆಲಸವೂ ಪ್ರೊಸೆಸರಿನ ತಲೆಗೇ ಬೀಳುತ್ತದೆ. ವಿಡಿಯೋ ಓಡಿಸಿದಾಗ ಟಾಸ್ಕ್ ಮ್ಯಾನೇಜರಿನಲ್ಲಿ ಅದು 100 ಶೇಕಡಾ ಮುಟ್ಟಿ ಕೂತಿತ್ತು. ಆಡಿಯೋ ಸಾಲಿನಲ್ಲಿ ಹಳದಿ ಆಶ್ಚರ್ಯಸೂಚಕ ಚಿಹ್ನೆ, ಅಂದರೆ ಅದರ ಡ್ರೈವರೂ ಸರಿಯಿಲ್ಲ. ಮದರ್‌ಬೋರ್ಡ್ ಕಂಪನಿಯ ವೆಬ್‌ಸೈಟಿನಿಂದ ಎರಡೂ ಡ್ರೈವರ್ ಇಳಿಸಿ ಹಾಕಿದ. ಕಂಪ್ಯೂಟರ್ ಮತ್ತೆ ಆನ್ ಆದಾಗ ಹಸಿರು ಜ್ಯಾಕಿಗೆ ಚುಚ್ಚಿದ ಹಳೇ ಸ್ಪೀಕರ್ ಕರಕರ ಇಲ್ಲದೆ ಹಾಡಿತು. ವಿಡಿಯೋ ತಡವರಿಸುವುದೂ ನಿಂತಿತು. 'ಹೋಗಿದ್ದ' ಚಿಪ್ ಎಲ್ಲಿಂದ ವಾಪಸ್ ಬಂತು, ನೀವೇ ಹೇಳಿ.

ಈಗ ಆ ಬ್ಲೂಟೂತ್ ಸ್ಪೀಕರಿನ ವಿಚಾರ. ಸುಮ್ನೆ ಹಾಡು ಕೇಳುವವರಿಗೆ ಅದು ಚೆನ್ನಾಗಿಯೇ ಇರಬಹುದು. ನನ್ನ ಕೆಲಸಕ್ಕೆ ಅದು ಬಾರದು. ವಿಡಿಯೋದಲ್ಲಿ ಮಗುವಿನ ಕಾಲು ನೆಲಕ್ಕೆ ಬಿದ್ದಾಗಿರುತ್ತದೆ, ತಟ್ಟುಮಣೆಯ ಏಟು ಆಮೇಲೆ ಕೇಳಿಸುತ್ತದೆ. ಬ್ಲೂಟೂತಿನಲ್ಲಿ ಸದ್ದನ್ನು ಒತ್ತಿ ಚಿಕ್ಕದು ಮಾಡಿ ಕಳಿಸಬೇಕು, ಆ ಕಡೆ ಬಿಚ್ಚಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ವಿಎಲ್‌ಸಿ ಪ್ಲೇಯರಿನಲ್ಲಿ ಜೆ ಮತ್ತು ಕೆ ಕೀಲಿ ಒತ್ತಿದರೆ ಸದ್ದು ಒಂದು ಸಲಕ್ಕೆ 50 ಮಿಲಿಸೆಕೆಂಡ್ ಹಿಂದೆ ಮುಂದೆ ಸರಿಯುತ್ತದೆ. ಹಾಗೆ ಸರಿಸಿ ನೋಡಿದಾಗ ಈ ಸ್ಪೀಕರ್ ಸುಮಾರು 200 ಮಿಲಿಸೆಕೆಂಡ್ ಹಿಂದಿತ್ತು. ಅಷ್ಟೇ ತಾನೇ ಅನ್ನಬೇಡಿ. ಒಂದು ಸೆಕೆಂಡಿಗೆ ತಾಳದ ಒಂದು ಏಟು ಇಟ್ಟುಕೊಂಡರೆ, ಮೂರನೇ ಕಾಲದಲ್ಲಿ (ಅತಿ ವೇಗದ ನಡೆಯಲ್ಲಿ) ಆ ಒಂದು ಸೆಕೆಂಡಿನಲ್ಲಿ ನಾಲ್ಕು ಸೊಲ್ಲು, ಅಂದರೆ ಕುಣಿತಕ್ಕೆ ಹೇಳುವ ತಾಳದ ಅಕ್ಷರ, ಬರಬೇಕು. ಒಂದೊಂದಕ್ಕೆ 250 ಮಿಲಿಸೆಕೆಂಡ್. ಅಂದರೆ ಹೆಚ್ಚುಕಡಿಮೆ ಒಂದಿಡೀ ಸೊಲ್ಲು ತಪ್ಪಿತು. ಸರಿಯಾಗಿ ಕುಣಿದ ಮಗು "ಟೀಚರ್, ನಾನು ಲಯ ಬಿಟ್ಟಿದ್ದೀನಿ" ಅಂತ ಮುಖ ಸಣ್ಣ ಮಾಡಿಕೊಂಡಳು. ನಿಮ್ಮಲ್ಲಿ ಕೊಡುವಾಗಲೇ ಇದು ಡ್ಯಾನ್ಸ್ ಕ್ಲಾಸಿನ ಕಂಪ್ಯೂಟರ್ ಎಂದು ಹೇಳಿದ್ದೆ. ವೈರಿನ ಸ್ಪೀಕರಿನಲ್ಲಿ ಈ ತೊಂದರೆ ಇಲ್ಲ ಎನ್ನುವುದು ಸ್ಪೀಕರ್ ಮಾರುವವರಿಗೆ ಗೊತ್ತಿರಬೇಕು, ಅಲ್ವಾ?

ಇನ್ನೊಂದು. ನೀವು ವಿಂಡೋಸ್ ಹಾಕಿದ ಮೇಲೆ ಫೋನಿನ ಕೆಲವು ವಿಡಿಯೋಗಳಲ್ಲಿ ಸದ್ದು ಮಾತ್ರ, ಚಿತ್ರ ಕಪ್ಪು. ಫೋನ್ ಮಾಡಿ ಕೇಳಿದ್ದಕ್ಕೆ "ಫೈಲ್ ಕರಪ್ಟ್ ಆಗಿದೆ" ಎಂದರು, ನೋಡದೆಯೇ. ಫೈಲಿಗೆ ಏನೂ ಆಗಿಲ್ಲ. ಈಗಿನ ಹಲವು ಫೋನುಗಳು ಜಾಗ ಉಳಿಸಲು ಎಚ್.265 ಎಂಬ ಬಗೆಯಲ್ಲಿ ವಿಡಿಯೋ ಉಳಿಸುತ್ತವೆ. ಅದನ್ನು ಬಿಚ್ಚುವ ಕೋಡೆಕ್ ವಿಂಡೋಸಿನ ಜೊತೆಗೇ ಬಂದಿರುತ್ತದೆ ಅಂತಿಲ್ಲ. ನನ್ನ ಕಂಪ್ಯೂಟರಿನಲ್ಲಿ ಮೊದಲು ವಿಎಲ್‌ಸಿ ಇತ್ತು, ಅದರೊಳಗೇ ಕೋಡೆಕ್ ಇರುವುದರಿಂದ ಎಲ್ಲವೂ ಓಡುತ್ತಿದ್ದವು. ಫಾರ್ಮ್ಯಾಟ್ ಮಾಡಿದವರು ಅದನ್ನು ಮತ್ತೆ ಹಾಕಲಿಲ್ಲ. ದುಡ್ಡು ಕೊಡಬೇಕಿಲ್ಲದ ಪ್ಲೇಯರ್ ಅದು. ಹಾಕಿಕೊಂಡೆ, ಅದೇ ಫೈಲ್ ಓಡಿತು. ನಿಮ್ಮ ಮಾತು ನಂಬಿ ಆ ವಿಡಿಯೋಗಳನ್ನು ಅಳಿಸಿಬಿಟ್ಟಿದ್ದರೆ? ಜೂನಿಯರ್ ಪರೀಕ್ಷೆಗೆ ಕೂರುವ ಮಕ್ಕಳ ಅಭ್ಯಾಸವೆಲ್ಲ ಅದರಲ್ಲಿತ್ತು.

ಹಾಗಾಗಿ ಕೇಳುತ್ತಿರುವುದು ಇಷ್ಟು. ಸ್ಪೀಕರ್ ಮತ್ತು ಡಾಂಗಲ್ ವಾಪಸ್ ತೆಗೆದುಕೊಂಡು ಪೂರ್ತಿ ಹಣ ಕೊಡಿ. 'ಸರ್ವಿಸ್' ಎಂದು ಪಡೆದ ಹಣವನ್ನೂ ಕೊಡಿ. ಡ್ರೈವರ್ ಹಾಕದೆ ಬಿಟ್ಟ ಕೆಲಸವನ್ನು ಮುಗಿದ ಕೆಲಸ ಎನ್ನಲಾಗದು. ಚಿಪ್ ಹೋಗಿದೆ ಎಂದು ಯಾವ ಪರೀಕ್ಷೆ ಮಾಡಿ ಹೇಳಿದಿರಿ ಎಂಬುದನ್ನು ಬರಹದಲ್ಲಿ ತಿಳಿಸಿ.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬಾರದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷ ರೂಪಾಯಿಯೊಳಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ.

ಬಿಲ್ಲಿನ ಪ್ರತಿ ಮತ್ತು ಡಿವೈಸ್ ಮ್ಯಾನೇಜರಿನ ಫೋಟೋ ಜೊತೆಗಿಟ್ಟಿದ್ದೇನೆ. ಸ್ಪೀಕರ್, ಡಾಂಗಲ್ ಎರಡೂ ಡಬ್ಬದ ಸಮೇತ ಮನೆಯಲ್ಲಿವೆ. ಸಂಜೆ 5ರಿಂದ 7 ಕ್ಲಾಸ್ ಇರುತ್ತದೆ, ಆ ಹೊತ್ತು ಬಿಟ್ಟು ಫೋನ್ ಮಾಡಿ.

ಇಂತಿ,
ನಿಮ್ಮ ಗ್ರಾಹಕಿ,
ಹಾಸನ