ಅಪ್ಪನ ಹೆಬ್ಬೆರಳಿನ ವಿಷಯ

ಸಿಡ್ನಿ
ಭಾನುವಾರ ರಾತ್ರಿ

ಅಮ್ಮಾ,

ನಾವು ಮೂವರೂ ಚೆನ್ನಾಗಿದ್ದೇವೆ. ನೀವೂ ಚೆನ್ನಾಗಿದ್ದೀರಿ ಅಂದುಕೊಂಡೇ ನಿನ್ನೆ ರೈಲು ಹತ್ತಿದ್ದೆ. ರಘು ಫೋಟೋ ತೆಗೆದು ಕಳಿಸಿದ್ದ ನಿನ್ನ ಕಾಗದವನ್ನು ದಾರಿಯಲ್ಲಿ ಓದಿದೆ. ನಾಲ್ಕು ಪುಟ. ಸೀತತ್ತೆ ಸೊಸೆಯ ಸೀಮಂತ, ಕೊಟ್ಟಿಗೆ ಸೋರೋದು, ತೋಟದ ಎಲೆಚುಕ್ಕಿ ರೋಗ, ಎಲ್ಲ ವಿವರವಾಗಿ ಬರೆದು, ಕೊನೆಗೆ ಜಾಗ ಸಾಲದೆ ಅಂಚಿನಲ್ಲಿ ಒಂದು ಸಾಲು: ಅಪ್ಪನ ಕಾಲು ಹೆಬ್ಬೆರಳಿನ ಗಾಯ ಇನ್ನೂ ಒಣಗಿಲ್ಲ, ನೀನು ತಲೆ ಕೆಡಿಸ್ಕೋಬೇಡ. ಮೂರು ವಾರ ಆಯ್ತು ಅನ್ನೋದು ರಘುನ ಕೇಳಿದ ಮೇಲೆ ಗೊತ್ತಾಯ್ತು. ತಲೆ ಕೆಡದೆ ಇರುತ್ತಾ ಅಮ್ಮಾ?

ಫೋನಿನಲ್ಲಿ ಮಾತಾಡೋಣ ಅಂದ್ರೆ ಅಪ್ಪ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ನಾನೂ ಬರೆಯುತ್ತಿದ್ದೇನೆ. ರಘು ಪ್ರಿಂಟ್ ತೆಗೆದು ತಂದುಕೊಡುತ್ತಾನೆ. ಓದಿ ಅಕ್ಕಿ ಡಬ್ಬದಲ್ಲಿ ಇಡು.

ಮೊದಲು ನಾವು ಕಳಿಸಿದ ಬೆಟ್ಟದ ಫೋಟೋ ವಿಷಯ ಮುಗಿಸ್ತೀನಿ. ಮಗೂನ ಎತ್ತಿಕೊಂಡು ಪ್ರಪಾತದ ತುದಿಗೆ ಯಾಕೆ ಹೋದೆ ಅಂತ ಬೆಳಿಗ್ಗೆಯೇ ಬೈದು ಮೆಸೇಜ್ ಹಾಕಿದ್ದೀಯ. ಅದು ತುದಿ ಅಲ್ಲ. ಮುಂದೆ ಗಟ್ಟಿ ಕಂಬಿ ಇದೆ. ಇವರು ಫೋಟೋದಲ್ಲಿ ಕಂಬಿ ಬರಬಾರದು ಅಂತ ಮೊಬೈಲ್ ಮೇಲೆತ್ತಿ ಹಿಡಿದಿದ್ದರು, ಅಷ್ಟೇ.

ನಾವು ಹೋಗಿದ್ದು ಬ್ಲ್ಯಾಕ್‌ಹೀತ್ ಅನ್ನೋ ಸಣ್ಣ ಊರಿಗೆ, ಬ್ಲೂ ಮೌಂಟನ್ಸ್‌ನಲ್ಲಿ. ರೈಲಿನಲ್ಲಿ ಎರಡು ಗಂಟೆಯ ಮೇಲಾಗುತ್ತದೆ. ಊರು ಸಾವಿರ ಮೀಟರ್ ಎತ್ತರದಲ್ಲಿದೆ, ಆಗುಂಬೆಗಿಂತ ಎತ್ತರ. ಇಲ್ಲೀಗ ಚಳಿಗಾಲ. ನೀನು ಹೆಣೆದುಕೊಟ್ಟ ಕೆಂಪು ಟೊಪ್ಪಿಯನ್ನೇ ಅನು ಹಾಕಿಕೊಂಡಿದ್ದಳು, ನೋಡಿದೆಯಾ? ಬ್ಲೂ ಮೌಂಟನ್ಸ್ ಅಂದ್ರೆ ನೀಲಗಿರಿ ತಾನೇ? ಇಲ್ಲಿ ಮರವೂ ನೀಲಗಿರಿಯೇ! ಆ ಎಲೆಯ ಎಣ್ಣೆ ಗಾಳಿಗೆ ಸೇರಿ, ದೂರದ ಬೆಟ್ಟ ನೀಲಿಯಾಗಿ ಕಾಣುತ್ತದಂತೆ. ನೀನು ಶೀತಕ್ಕೆ ಎದೆಗೆ ಉಜ್ಜುವ ಎಣ್ಣೆಯ ವಾಸನೆ ದಾರಿಯುದ್ದಕ್ಕೂ. ಅಪ್ಪನಿಗೆ ಹೇಳಿದ್ರೆ "ಆ ದರಿದ್ರ ಮರ ನೋಡೋಕೆ ಅಷ್ಟು ದೂರ ಹೋಗಬೇಕಿತ್ತಾ" ಅಂತಾರೆ. ನಮ್ಮಲ್ಲಿ ಅದು ನೆಡುತೋಪು, ನೀರು ಕುಡಿಯೋ ಮರ. ಇಲ್ಲಿ ಅದೇ ಕಾಡು. 2019ರ ಕೊನೆಯಲ್ಲಿ ಹತ್ತಿದ ಬೆಂಕಿಯಲ್ಲಿ ಈ ಕಣಿವೆಯೂ ಸುಟ್ಟಿತ್ತು. ಕೆಲವು ಬೊಡ್ಡೆ ಇನ್ನೂ ಕಪ್ಪಗಿವೆ, ಮೈತುಂಬ ಚಿಗುರಿವೆ.

ಇಲ್ಲಿಯವರು ಹೀಗೆ ಕಾಡಿನಲ್ಲಿ ನಡೆಯೋದನ್ನು ಬುಷ್‌ವಾಕ್ ಅಂತಾರೆ. ನಾವು ಸೌದೆಗೆ, ಸೊಪ್ಪಿಗೆ ಹೋಗ್ತಿದ್ದಷ್ಟೇ ದೂರ. ಅದಕ್ಕೆ ಒಂದು ಬೋರ್ಡು, ಒಂದು ನಕ್ಷೆ, ಕಷ್ಟ ಎಷ್ಟು ಅಂತ ಒಂದರಿಂದ ಐದರವರೆಗೆ ಅಂಕ. ಎದುರು ಸಿಕ್ಕವರೆಲ್ಲ ಕ್ಷೇಮ ವಿಚಾರಿಸ್ತಾರೆ, ಆದ್ರೆ ಉತ್ತರಕ್ಕೆ ನಿಲ್ಲೋದಿಲ್ಲ. ಮೊದಲ ಹಾದಿ 1.8 ಕಿಲೋಮೀಟರ್, ಗಾಲಿಕುರ್ಚಿಯೂ ಹೋಗುವಷ್ಟು ನಯ. ಅದು ಗೋವೆಟ್ಸ್ ಲೀಪ್ ಅನ್ನೋ ಜಾಗಕ್ಕೆ ಮುಟ್ಟಿಸುತ್ತದೆ. ಗೋವೆಟ್ ಅನ್ನೋ ದರೋಡೆಕೋರ ಪೊಲೀಸರಿಗೆ ಸಿಗಬಾರದು ಅಂತ ಕುದುರೆ ಸಮೇತ ಹಾರಿದ ಅಂತ ಒಂದು ಕಥೆ ಇದೆ. ಪಾಪ, ಆತ 1831ರಲ್ಲಿ ಇಲ್ಲಿಗೆ ಬಂದ ಸರ್ವೆಯವನು. ಲೀಪ್ ಅಂದ್ರೆ ಹಳೇ ಮಾತಿನಲ್ಲಿ ಜಲಪಾತ. ಬಂಡೆ ತುದಿಯಿಂದ ನೀರು 180 ಮೀಟರ್ ಕೆಳಗೆ ಬೀಳುತ್ತದೆ, ನೂಲಿನ ಹಾಗೆ. ಪಕ್ಕದಲ್ಲಿ ನಿಂತಿದ್ದ ಅಜ್ಜಿಗೆ ನಮ್ಮ ಜೋಗ 253 ಮೀಟರ್ ಅಂತ ಹೇಳಿಯೇ ಬಂದೆ. ಬೇಸಿಗೆಯಲ್ಲಿ ಅದೂ ನೂಲೇ ಅನ್ನೋದನ್ನು ಹೇಳಲಿಲ್ಲ.

ಆದ್ರೆ ನೋಟ ಮಾತ್ರ ಸುಳ್ಳಲ್ಲ ಅಮ್ಮಾ. ಆಗುಂಬೆಯಲ್ಲಿ ಸೂರ್ಯ ಮುಳುಗೋದು ನೋಡೋಕೆ ನಿಲ್ತೀವಲ್ಲ, ಹಾಗೇ ಒಮ್ಮೆಲೇ ಕಾಲ ಕೆಳಗೆ ನೆಲ ಇಲ್ಲ. ಎದುರಿಗೆ ಹಳದಿ ಬಂಡೆಯ ಗೋಡೆ, ಕೆಳಗೆಲ್ಲ ಕಾಡು. ಒಂದು ಮನೆ ಇಲ್ಲ, ಹೊಗೆ ಇಲ್ಲ. ಚುರುಮುರಿಯವನೂ ಇಲ್ಲ ಬಿಡು. ನಾನು ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದೆವು.

ಅಲ್ಲಿಂದ ಬಂಡೆ ಅಂಚಿನಲ್ಲೇ ಇವಾನ್ಸ್ ಲುಕ್‌ಔಟ್‌ಗೆ ಇನ್ನೊಂದು ಹಾದಿ ಇದೆ, ಮೂರು ಕಿಲೋಮೀಟರ್ ಆಸುಪಾಸು. ಹೊಸ ಶೂ ಹಾಕಿದ್ದೆ. ಅರ್ಧ ದಾರಿಯಲ್ಲಿ ಹಿಮ್ಮಡಿ ಉರಿ ಶುರು. ಬಿಚ್ಚಿ ನೋಡಿದ್ರೆ ಕಡಲೆಕಾಳಿನಷ್ಟು ಬೊಬ್ಬೆ. ಅಷ್ಟಕ್ಕೆ ಕಲ್ಲಿನ ಮೇಲೆ ಕೂತು ಅಳೋ ಹಾಗಾದೆ. ಹಿಂದೆ ಬರ್ತಿದ್ದ ಹೆಂಗಸು ಕೇಳದೆಯೇ ಚೀಲದಿಂದ ಪಟ್ಟಿ ತೆಗೆದು ಅಂಟಿಸಿದಳು. ವಾಪಸ್ ತಿರುಗಿದೆವು. ಇವಾನ್ಸ್ ನೋಡಲಿಲ್ಲ.

ಅಲ್ಲೇ ನಂಗೆ ನಿನ್ನ ಸಾಲು ಮತ್ತೆ ನೆನಪಾಯ್ತು. ನನಗೆ ಕಡಲೆಕಾಳಿನಷ್ಟು ಬೊಬ್ಬೆ ಆದ್ರೆ ನಡೆಯೋಕೆ ಆಗಲ್ಲ. ಅಪ್ಪ ತೆರೆದ ಗಾಯ ಇಟ್ಟುಕೊಂಡು, ಈ ಮಳೆಯಲ್ಲಿ ಬರಿಗಾಲಲ್ಲಿ ತೋಟಕ್ಕೆ ಹೋಗಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸ್ತಿದ್ದಾರೆ. "ನೋವೇ ಇಲ್ಲ ಕಣೇ" ಅಂದರಂತೆ. ನೋವಿಲ್ಲ ಅನ್ನೋದೇ ನನಗೆ ಭಯ. ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ. ಕಾಲಿನ ನರ ಮಂದ ಆದ್ರೆ ಮುಳ್ಳು ಚುಚ್ಚಿದ್ದೂ ಗೊತ್ತಾಗಲ್ಲ, ಬಿಸಿನೀರು ಸುಟ್ಟಿದ್ದೂ ಗೊತ್ತಾಗಲ್ಲ. ರಕ್ತ ಸರಿಯಾಗಿ ಓಡದಿದ್ರೆ ಗಾಯ ಮಾಯೋದಿಲ್ಲ. ಸುಮ್ನೆ ಬಿಟ್ಟರೆ ಬೆರಳಿಗೇ ಕುತ್ತು ಬರುತ್ತದೆ. ಹೆದರಿಸಬೇಕು ಅಂತ ಬರೀತಿಲ್ಲ ಅಮ್ಮಾ.

ಅರಿಶಿನ ಹಚ್ಚಿ ಬಟ್ಟೆ ಕಟ್ಟಿದ್ದು ಸಾಕು. ಬುಧವಾರ ರಘು ರಜೆ ಹಾಕಿ ಕಾರು ತರುತ್ತಾನೆ, ಅವನ ಹತ್ತಿರ ಮಾತಾಡಿದ್ದೇನೆ. ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ ತೋರಿಸಿ. ಅಷ್ಟರೊಳಗೆ ಕೆಂಪಗೆ ಊದಿದ್ರೆ, ವಾಸನೆ ಬಂದ್ರೆ, ಜ್ವರ ಬಂದ್ರೆ ಬುಧವಾರದ ತನಕ ಕಾಯಬೇಡ. ಮದುವೆಗೆ ಹೋಗಬೇಕು ಅಂತಾನೋ, ಆಳು ಬರ್ತಾರೆ ಅಂತಾನೋ ಅಪ್ಪ ಏನಾದರೂ ನೆಪ ಹೇಳ್ತಾರೆ. ನಿನ್ನ ಮಂಡಿ ತೋರಿಸೋಕೆ ಅಂತ ಹೇಳಿ ಹೊರಡಿಸು. ನಿನ್ನ ಮಂಡಿಗಾದ್ರೆ ಬಂದೇ ಬರ್ತಾರೆ.

ದುಡ್ಡಿನ ಮಾತು ಎತ್ತಬೇಡ. ಹೊಸ ಅಡಿಕೆ ಮಾರಿದ ಮೇಲೆ ನೋಡೋಣ ಅಂತ ಅವರು ಹೇಳಿದ್ದು ರಘು ಹೇಳಿದ. ಅವನ ಖಾತೆಗೆ ಇವತ್ತು ಹಾಕಿದ್ದೇನೆ. ನಮಗೇನೂ ತೊಂದರೆ ಇಲ್ಲ, ನಿಜವಾಗ್ಲೂ ಇಲ್ಲ. ಇವರೇ ಮೊದಲು ಹೇಳಿದ್ದು. ನನ್ನ ಕೆಲಸ ಚೆನ್ನಾಗಿದೆ, ಅನು ಕೆಮ್ಮು ಹೋಗಿದೆ, ಬೊಬ್ಬೆ ಕೂಡ ಒಣಗಿದೆ. ನಿದ್ದೆ ಚೆನ್ನಾಗಿ ಬರ್ತಿದೆ.

ಅನು ಎದ್ದಳು. ಇಲ್ಲಿ ಹನ್ನೊಂದೂವರೆ, ನಿಮಗಿನ್ನೂ ಏಳು. ಅಪ್ಪನಿಗೆ ನಮಸ್ಕಾರ, ಸೀತತ್ತೆಗೆ ಹೇಳು, ಉಳಿದದ್ದು ಆಮೇಲೆ.

ನಿನ್ನ
ಸುಮ

ಮರೆತಿದ್ದೆ. ಅಪ್ಪ ಕಾಲಿನ ಆಣಿ ಕೆತ್ತಿಕೊಳ್ಳೋ ಬ್ಲೇಡು ದೇವರ ಕೋಣೆ ಗೂಡಿನಲ್ಲಿ, ಕುಂಕುಮದ ಭರಣಿ ಹಿಂದೆ ಇರುತ್ತದೆ. ಅದನ್ನು ಇವತ್ತೇ ತೆಗೆದುಬಿಡು.