ನೀವು ತಂದ ಕಾರ್ಡ್ ಇನ್ನು ಯಾಕೆ ಹಾಕುವುದಿಲ್ಲ: ನಮ್ಮ ಐಪಾಡ್ ಗ್ರಾಹಕರಿಗೆ ಪತ್ರ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಐಪಾಡ್ (ಆಪಲ್ ಕಂಪನಿಯ ಹಾಡು ಕೇಳುವ ಯಂತ್ರ) ಒಳಗಿನ ಹಾರ್ಡ್ ಡಿಸ್ಕ್ ತೆಗೆದು ಮೆಮರಿ ಕಾರ್ಡ್ ಹಾಕಿಕೊಡುವ ಕೆಲಸದಲ್ಲಿ ಈ ತಿಂಗಳಿಂದ ಕೆಲವು ಬದಲಾವಣೆ ಮಾಡಿದ್ದೇವೆ. ನೀವು ತಂದ ಮೆಮರಿ ಕಾರ್ಡ್ ಹಾಕಿಕೊಡುವುದಿಲ್ಲ. ಬೆಳಗ್ಗೆ ಕೊಟ್ಟು ಸಂಜೆ ಒಯ್ಯುವುದೂ ಇಲ್ಲ, ನಾಲ್ಕು ದಿನ ಬೇಕು. 900 ಇದ್ದ ಕೂಲಿ 1,200 ರೂಪಾಯಿ ಆಗಿದೆ. ಮುಂಚೆಯೇ ತಿಳಿಸದೆ ಸುಮ್ನೆ ಬೋರ್ಡ್ ತಗುಲಿಹಾಕಿದ್ದು ನಮ್ಮ ತಪ್ಪು. ಮಂಡ್ಯದಿಂದ ಬೆಳಗಿನ ರೈಲಿಗೆ ಬಂದವರೊಬ್ಬರು ಬೋರ್ಡ್ ಓದಿ ಹಾಗೇ ವಾಪಸ್ ಹೋದರು. ಅವರಲ್ಲಿ ಕ್ಷಮೆ ಕೇಳುತ್ತೇವೆ.

ಆದರೆ ಒಂದು ಮಾತು ಕೇಳಿ ಕೇಳಿ ಬೇಜಾರಾಗಿದೆ. "ಆನ್‌ಲೈನ್‌ನಲ್ಲಿ ಇದೇ ಕಾರ್ಡ್ ಅರ್ಧ ರೇಟಿಗೆ ಸಿಗುತ್ತೆ. ನಿಮ್ಮದೇ ತಗೋಬೇಕು ಅಂದ್ರೆ ಅದರಲ್ಲಿ ದುಡ್ಡು ಹೊಡೀತೀರಿ ಅಂತ ಅಲ್ವಾ?"

ಅಲ್ಲ. ಆ ಅರ್ಧ ರೇಟಿನ ಕಾರ್ಡಿನ ಮೇಲೆ 256 ಜಿಬಿ ಅಂತ ಅಚ್ಚಾಗಿರುತ್ತದೆ. ಕಂಪ್ಯೂಟರಿಗೆ ಹಾಕಿದರೂ ಅದೇ ಲೆಕ್ಕ ತೋರಿಸುತ್ತದೆ. ಎಷ್ಟೋ ಸಲ ಒಳಗಿರುವುದು 32 ಮಾತ್ರ. ಮೊದಲು ಹಾಕಿದ ಹಾಡುಗಳು ಚೆನ್ನಾಗಿಯೇ ಬರುತ್ತವೆ. 32 ದಾಟಿದ ಮೇಲೆ ಹೊಸದು ಹಳೆಯದರ ಮೇಲೆ ಕೂರುತ್ತದೆ, ಇಲ್ಲವೇ ಎಲ್ಲೂ ಕೂರುವುದಿಲ್ಲ. ಪಟ್ಟಿಯಲ್ಲಿ ಹಾಡಿನ ಹೆಸರಿರುತ್ತದೆ, ಒತ್ತಿದರೆ ಮುಂದಿನದಕ್ಕೆ ಹಾರುತ್ತದೆ.

ಒಂಟಿಕೊಪ್ಪಲಿನ ಎಂಟನೇ ಕ್ರಾಸ್ ಗಣೇಶೋತ್ಸವದ ಸಂಗೀತ ಕಚೇರಿಗಳನ್ನು ತಾವೇ ರೆಕಾರ್ಡ್ ಮಾಡಿಟ್ಟುಕೊಂಡಿದ್ದ ಮೇಷ್ಟ್ರೊಬ್ಬರಿಗೆ ಹೀಗೇ ಆಯಿತು. ಕಾರ್ಡಿನಲ್ಲಿ ಇದೆಯಲ್ಲ ಅಂತ ಕಂಪ್ಯೂಟರಿನಿಂದ ಅಳಿಸಿಬಿಟ್ಟಿದ್ದರು. ಕಾರ್ಡ್ ತಂದವರು ಅವರೇ, ಆದರೆ ನೋಡದೆ ಹಾಕಿದವರು ನಾವು. ಅವರು ಒಂದು ಮಾತೂ ಅನ್ನಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಪ್ರತಿ ಕಾರ್ಡನ್ನೂ ಪೂರ್ತಿ ತುಂಬಿಸಿ, ಮತ್ತೆ ಓದಿಸಿ ನೋಡುತ್ತಿದ್ದೇವೆ. ಸೆಕೆಂಡಿಗೆ 20 ಎಂಬಿ ಲೆಕ್ಕ ಹಿಡಿದರೆ 256 ಜಿಬಿ ತುಂಬೋಕೇ ಮೂರೂವರೆ ಗಂಟೆ. ನೀವು ತಂದ ಕಾರ್ಡನ್ನೂ ಹೀಗೆ ನೋಡಿ ಹಾಕಬಹುದಲ್ಲ ಅಂತೀರಿ. ಎರಡು ತಿಂಗಳು ಹಾಗೇ ಮಾಡಿದೆವು. ನಕಲಿ ಅಂತ ಹೇಳಿದಾಗ "ನೀವೇ ಬದಲಾಯಿಸಿರಬೇಕು" ಅನ್ನಿಸಿಕೊಂಡೆವು. ಅಂಥ ಮಾತು ಇನ್ನು ಕೇಳೋಕೆ ನಮ್ಮಿಂದ ಆಗಲ್ಲ. ನಾವು ಹಾಕಿದ ಕಾರ್ಡ್ ಒಂದು ವರ್ಷದೊಳಗೆ ಕೆಟ್ಟರೆ ಕಾಸು ಕೇಳದೆ ಹೊಸದು ಹಾಕುತ್ತೇವೆ.

ಬ್ಯಾಟರಿ ವಿಷಯ. ತಿರುಗುವ ಹಾರ್ಡ್ ಡಿಸ್ಕ್ ತೆಗೆದಾಗ ಉಳಿಯುವ ಜಾಗದಲ್ಲಿ ದಪ್ಪ ಬ್ಯಾಟರಿ ಕೂರಿಸುತ್ತೇವೆ. ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು 2016ರಿಂದ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವ ಹಾಗಿಲ್ಲ. ನಮಗೆ ಬರುವುದು ನಿಧಾನ, ಸಾಗಣೆ ಖರ್ಚು ಜಾಸ್ತಿ. ಕಾರ್ಡ್ ಕೂರಿಸುವ ಅಡಾಪ್ಟರಿಗೆ ಕಸ್ಟಮ್ಸ್ ಬೇರೆ. ಬಂದ ಬ್ಯಾಟರಿಯನ್ನು ಎರಡು ದಿನ ಚಾರ್ಜ್ ಮಾಡಿ, ಖಾಲಿ ಮಾಡಿ, ಊದಿಕೊಂಡರೆ ಎಸೆಯುತ್ತೇವೆ. ಎಸೆದದ್ದರ ದುಡ್ಡು ಯಾರೂ ವಾಪಸ್ ಕೊಡುವುದಿಲ್ಲ. ಏರಿದ 300 ರೂಪಾಯಿ ಹೋಗುವುದು ಇಲ್ಲಿಗೇ.

2007ರಿಂದ ಈಚಿನ ಐಪಾಡ್ ಕ್ಲಾಸಿಕ್ ಮಾಡೆಲ್ ತಂದವರು ಎರಡು ವಿಷಯ ಗಮನಿಸಿ. ಮುಂದೆ ಹಿಂದೆ ಎರಡೂ ಲೋಹವಾದ್ದರಿಂದ ಬಿಚ್ಚುವಾಗ ಅಂಚು ಸ್ವಲ್ಪ ಬಾಗಬಹುದು. ಎಷ್ಟು ಜೋಪಾನ ಮಾಡಿದರೂ ಆಗುತ್ತದೆ, ಮುಂಚೆಯೇ ಹೇಳುತ್ತಿದ್ದೇವೆ. ಇನ್ನೊಂದು, 2007 ಮತ್ತು 2008ರ ಮಾಡೆಲ್‌ಗಳು ಕಾರ್ಡ್ ಹಾಕಿದಾಗ 128 ಜಿಬಿಗಿಂತ ಜಾಸ್ತಿ ಗುರುತಿಸುವುದಿಲ್ಲ. 2009ರದ್ದಕ್ಕೆ ಆ ತೊಂದರೆ ಇಲ್ಲ. ದೊಡ್ಡ ಕಾರ್ಡ್ ಮಾರುವುದೇ ನಮ್ಮ ಆಸೆಯಾಗಿದ್ದರೆ ಇದನ್ನು ಹೇಳುತ್ತಲೇ ಇರಲಿಲ್ಲ.

ಈಗಾಗಲೇ ಐಪಾಡ್ ಕೊಟ್ಟು ಹೋದವರಿಗೆ ಹಳೇ ಕೂಲಿಯೇ. ನಿಮ್ಮ ಹಾರ್ಡ್ ಡಿಸ್ಕನ್ನು ಕವರಿನಲ್ಲಿ ಹಾಕಿ ನಿಮಗೇ ಕೊಡುತ್ತೇವೆ. ಹಿಂದೆ ನಿಮ್ಮದೇ ಕಾರ್ಡ್ ನಮ್ಮಲ್ಲಿ ಹಾಕಿಸಿಕೊಂಡವರು ಒಮ್ಮೆ ತನ್ನಿ, ಬಿಟ್ಟಿಯಾಗಿ ಪರೀಕ್ಷೆ ಮಾಡುತ್ತೇವೆ. ಹಾಡುಗಳನ್ನು ಮೊದಲು ಬೇರೆ ಕಡೆ ಇಳಿಸಿಕೊಂಡು ಬನ್ನಿ.

ಇತಿ ನಿಮ್ಮ,
ಶಿವರಾಂಪೇಟೆ ಅಂಗಡಿಯ ಅಣ್ಣತಮ್ಮಂದಿರು, ಮೈಸೂರು